ಎಡಗಾಲಿನ ತೀರ್ಮಾನ

ಸೊಸೆಗೆ ಅತ್ತೆಯ ಆಶೀರ್ವಾದ.

ನಿನ್ನ ತಾಯಿಗೆ ಜ್ವರ ಬಿಟ್ಟಿತೆಂದು ತಿಳಿದು ಸಮಾಧಾನವಾಯಿತು. ಹೊರಡುವಾಗ ಹೊಸ್ತಿಲಲ್ಲೇ ನಿಂತು ನೀನು ಹಟ ಹಿಡಿದೆಯಲ್ಲ, ಅದಕ್ಕೇ ನರ ಉಬ್ಬಿದ ಈ ಎಡಗಾಲನ್ನು ನಾನು ಡಾಕ್ಟರಿಗೆ ತೋರಿಸಿದೆ. ನಮ್ಮಮ್ಮನ ಹಾಗೆ ನಾನೂ ಹುಣ್ಣಾದ ಕಾಲು ಚಾಚಿಕೊಂಡು ಮೂಲೆ ಹಿಡಿಯುತ್ತೇನೆ, ಇಸ್ತ್ರಿ ಅಂಗಡಿಗೆ ಬೀಗ ಬೀಳುತ್ತದೆ ಎಂದೇ ಅಂದುಕೊಂಡಿದ್ದೆ. ಡಾಕ್ಟರಮ್ಮ ಸ್ಕ್ಯಾನ್ ಮಾಡಿ, "ಒಳಗಿನ ರಕ್ತನಾಳ ಚೆನ್ನಾಗಿದೆ ಅಜ್ಜಿ, ಮೇಲಿನದು ಮಾತ್ರ ಉಬ್ಬಿದೆ. ಇಸ್ತ್ರಿ ಬಿಡಬೇಕಾಗಿಲ್ಲ, ನಡುನಡುವೆ ಕೂತ್ಕೊಳ್ಳಿ" ಅಂದಳು. ಅಜ್ಜಿ ಅಂದದ್ದನ್ನೂ ಕ್ಷಮಿಸಿದೆ.

ಬಿಗಿಯಾದ ಕಾಲುಚೀಲ ಹಾಕಿಕೊಂಡರೆ ನೋವು ತಗ್ಗುತ್ತದೆ, ಉಬ್ಬಿದ್ದು ಹೋಗುವುದಿಲ್ಲವಂತೆ. ಇಂಜೆಕ್ಷನ್ ಸಣ್ಣ ನರಗಳಿಗೆ ಮಾತ್ರ ಸರಿಯಂತೆ, ನನ್ನದು ದೊಡ್ಡದು. ನಿನ್ನ ಗಂಡ, "ಆಪರೇಷನ್ ಮಾಡಿಸಿ ಕಿತ್ತು ಹಾಕಿಸಿಬಿಡಮ್ಮ" ಅಂದ. ಕೀಳುವುದಕ್ಕೆ ಅದೇನು ಮೂಲಂಗಿಯೇ? ಲೇಸರ್‌ನಲ್ಲಾದರೆ ನಾಳವನ್ನು ಒಳಗಿಂದಲೇ ಮುಚ್ಚುತ್ತಾರೆ, ಅವತ್ತೇ ನಡೆದುಕೊಂಡು ಮನೆಗೆ ಬರಬಹುದು. ಅದಕ್ಕೇ ಒಪ್ಪಿದ್ದೇನೆ. ಬರುವ ಸೋಮವಾರ ಮಾಡುತ್ತಾರೆ.

ಆಮೇಲೂ ಕೆಲವು ದಿನ ಆ ಕಾಲುಚೀಲ ಹಾಕಲೇಬೇಕು. ಹಾಕಿ ನೋಡಿದೆ, ನನ್ನ ಕೈಯಲ್ಲಿ ಅದು ಹಿಮ್ಮಡಿಯನ್ನೇ ದಾಟಲಿಲ್ಲ. ನಿನ್ನ ಗಂಡನಿಗೆ ದಿಂಬಿಗೆ ಕವರು ಹಾಕುವುದಕ್ಕೂ ಬರುವುದಿಲ್ಲ. "ಮನೆಯಲ್ಲಿ ಇದನ್ನು ಹಾಕಿಕೊಡೋರು ಯಾರಿದ್ದಾರೆ?" ಎಂದು ನರ್ಸ್ ಕೇಳಿದಳು. ಈ ಕಾಲನ್ನು ನಾನು ಯಾರಿಗೂ ಮುಟ್ಟಗೊಟ್ಟವಳಲ್ಲ, ನಿನಗೆ ಗೊತ್ತು. ನಿನ್ನ ಹೆಸರು ಹೇಳಿ ಬಂದಿದ್ದೇನೆ.

ನಿನ್ನ ತಾಯಿ ಎದ್ದು ಓಡಾಡುವಂತಿದ್ದರೆ ಭಾನುವಾರವೇ ಹೊರಟು ಬಾ. ಬರುವಾಗ ಉಗುರು ಕತ್ತರಿಸಿಕೊಂಡು ಬಾ, ಉಗುರು ತಾಗಿದರೆ ಕಾಲುಚೀಲ ಹರಿಯುತ್ತದಂತೆ.

ಇಂತಿ,
ನಿನ್ನ ಅತ್ತೆ