ಹಾದಿಹೋಕನಿಗೆ ಮಣೆ ಹಾಕಿದ ಬ್ರೌಸರ್

ಬ್ರೌಸರ್ ಕಂಪನಿಯ ಭದ್ರತಾ ಮುಖ್ಯಸ್ಥರೆನಿಸಿಕೊಂಡ ಮಾನ್ಯರೇ,

ನಿಮ್ಮ ಬ್ರೌಸರ್ ಒಬ್ಬ ಕಳ್ಳನನ್ನು ತಾನೇ ಕರೆದು ಒಳಗೆ ಕೂರಿಸಿತು. ಅಪವಾದ ಹೊತ್ತವಳು ನನ್ನ ಹೆಂಡತಿ. ದೂರು ಕೊಟ್ಟರೆ ತಮ್ಮ ವಿಭಾಗದ ಉತ್ತರ: "ಇದು ದೋಷವಲ್ಲ, ವಿನ್ಯಾಸವೇ ಹೀಗೆ." ಆಹಾ, ಏನು ಜಾಣತನ!

ತಮಗೆ ಗೊತ್ತಿರುವುದನ್ನೇ ಈ ಬಹಿರಂಗ ಪತ್ರದ ಓದುಗರಿಗಾಗಿ ಹೇಳುತ್ತೇನೆ. ಇಂಟರ್ನೆಟ್‌ಗೆ ಹೊರಡುವ ಮುನ್ನ ನಿಮ್ಮ ಬ್ರೌಸರ್ ಪ್ರಾಕ್ಸಿ ಎಂಬ ಮಧ್ಯವರ್ತಿ ಕಂಪ್ಯೂಟರನ್ನು ತಾನಾಗಿಯೇ ಹುಡುಕುತ್ತದೆ. ನೀವೇ ಗೊತ್ತುಮಾಡಿದ ಒಂದು ಹೆಸರನ್ನು ಮೊದಲು ನಮ್ಮ ಕ್ಲಿನಿಕ್ಕಿನ ವಿಳಾಸದೊಳಗೆ ಕೂಗುತ್ತದೆ; ಯಾರೂ ಓಗೊಡದಿದ್ದರೆ ವಿಳಾಸದ ಒಂದು ತುಂಡು ಬಿಟ್ಟು ಆಚೆ ಹೋಗಿ ಕೂಗುತ್ತದೆ. ನಿಮ್ಮಲ್ಲಿ ಹೆಸರಿನ ಮುಂದೆ ಬರೀ ಡಾಟ್ ಕಾಮ್, ಅಲ್ಲಿಗೆ ನಿಲ್ಲುತ್ತದೆ. ನಮ್ಮ ಬೋಟ್ಸ್ವಾನಾದಲ್ಲಿ ಹೆಸರಿನ ಮುಂದೆ ಎರಡು ತುಂಡು, ಡಾಟ್ ಕೋ ಡಾಟ್ ಬಿಡಬ್ಲ್ಯೂ. ಒಂದು ಹೆಜ್ಜೆ ಆಚೆ ಇಟ್ಟರೆ ಇಡೀ ದೇಶದ ಬೀದಿ. ಅಲ್ಲೊಬ್ಬ ಪುಂಡ ಅದೇ ಹೆಸರನ್ನು ತನ್ನದಾಗಿ ನೋಂದಾಯಿಸಿಕೊಂಡು ಕಾದಿದ್ದ. "ನಾನೇ" ಅಂದ. ನಿಮ್ಮ ಬ್ರೌಸರ್ ನಂಬಿತು, ನಮ್ಮ ರೋಗಿಗಳ ವರದಿಗಳೆಲ್ಲ ಅವನ ಕಣ್ಣೆದುರೇ ಹಾದುಹೋದವು. ಅಲ್ಲ ಸ್ವಾಮಿ, ಜಗತ್ತೆಲ್ಲ ನಿಮ್ಮ ಅಂಗಳದ ಅಳತೆಗೇ ಇದೆ ಎಂದು ನಂಬಿದವರಿಗೆ ಭದ್ರತೆಯ ಕುರ್ಚಿ ಕೊಟ್ಟವರು ಯಾರು?

ನನ್ನ ಹೆಂಡತಿ ಗೊಯಿತ್ಸೆಮಾಂಗ್ ಪಲಾಪೈ ಊರಿನ ಆ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿದ್ದಳು. ಮದುವೆ ಗೊತ್ತಾಗಿದ್ದ ಬೊಯಿತ್ಷೆಪೊ ಎಂಬ ಹುಡುಗಿಯ ಗರ್ಭಕೋಶದ ವರದಿ ಆ ಪುಂಡನ ಕೈಸೇರಿತು. ಅವನು ದುಡ್ಡು ಕೇಳಿ ಬೆದರಿಸಿದ, ಅವಳು ಬಗ್ಗಲಿಲ್ಲ. ವರದಿಯಲ್ಲಿದ್ದ ಇನ್ನೊಂದು ಫೋನ್ ನಂಬರು ಗಂಡಿನದು; ಅಲ್ಲಿಗೆ ಕಳಿಸಿಬಿಟ್ಟ. ಹೆಣ್ಣಿನ ಮನೆಗೆ ತೆರವಾಗಿ ಕೊಡುವ ದನಗಳ ಮಾತಿಗೆ ಬರಬೇಕಿದ್ದ ಗಂಡಿನ ಸೋದರಮಾವಂದಿರು ಬರಲೇ ಇಲ್ಲ. ಚಿಕಿತ್ಸೆಯಿಂದ ವಾಸಿಯಾಗುವ ಕಾಯಿಲೆ ಎಂದು ಅದೇ ವರದಿಯಲ್ಲಿತ್ತು, ಅದನ್ನು ಯಾರು ಓದುತ್ತಾರೆ?

ನಮ್ಮ ಪಂಚಾಯಿತಿ ಕಟ್ಟೆ, ಅಂದರೆ ಖೋಟ್ಲಾದಲ್ಲಿ ನನ್ನ ಹೆಂಡತಿಯ ಮೇಲೆ ದೂರು ಬಿತ್ತು. "ವಿಷ್ಯ ಗೊತ್ತಿದ್ದದ್ದು ನಿನ್ಗೊಬ್ಳಿಗೇ ಕಣಮ್ಮಾ. ಗಾಳಿ ಬಂದು ಅವ್ನಿಗೆ ಹೇಳ್ತಾ?" ಎಂದು ಹುಡುಗಿಯ ಸೋದರಮಾವ ಗುಡುಗಿದ. ಕ್ಲಿನಿಕ್ಕಿನ ಕಂಪ್ಯೂಟರ್ ನೋಡಿಕೊಳ್ಳುವ ನಾನು ಎದ್ದು ನಿಂತು ಎಲ್ಲ ವಿವರಿಸಿದೆ. ಅಲ್ಲಿ ಯಾರೇ ಬಾಯಿ ತೆರೆಯಲಿ, ಮೊದಲು ತನ್ನ ಕೇರಿ, ಕುಲ ಹೇಳಬೇಕು. ಖೋಟ್ಲಾದ ಮುಖ್ಯಸ್ಥರು ನಕ್ಕರು: "ನಿಮ್ ಡಬ್ಬ ಅವ್ನನ್ನ ಯಾರ ಪೈಕಿ ನೀನು ಅಂತ್ಲೂ ಕೇಳ್ಲಿಲ್ವಾ? ನಮ್ ಕೇರಿ ಕತ್ತೆನೂ ಕಂಡೋರ ಹಿಂದೆ ಹೋಗಲ್ಲ ಕಣಯ್ಯಾ!" ಆಮೇಲೆ ಗಂಭೀರವಾಗಿ ಹೇಳಿದರು, "ಹೆಂಡ್ತೀನ ಉಳಿಸ್ಕೊಳ್ಳೋಕೆ ಗಂಡ ಏನ್ ಬೇಕಾದ್ರೂ ಹೇಳ್ತಾನೆ. ಆ ಡಬ್ಬ ಮಾಡಿದೋರೇ ತಪ್ಪು ನಮ್ದು ಅನ್ಲಿ, ಬಿಟ್ಬಿಡ್ತೀನಿ."

ನೀವು ಅನ್ನಲಿಲ್ಲ. ಅವಳ ಕೆಲಸ ಹೋಯಿತು. ನಿಮ್ಮ ಮುಖಕ್ಕಿಷ್ಟು!

ಕೆಲಸ ಹೋದರೂ ಅವಳು ಔಷಧಿ ಹಿಡಿದು ಬೊಯಿತ್ಷೆಪೊ ಮನೆಗೆ ಹೋಗುತ್ತಾಳೆ. ನಡುವೆ ಬಿಟ್ಟರೆ ಆ ಹುಡುಗಿಗೆ ಮುಂದೆ ಮಕ್ಕಳಾಗುವುದು ಕಷ್ಟ. ನಿನ್ನೆಯೂ ಬಾಗಿಲು ತಟ್ಟಿದಳು. ಒಳಗಿನಿಂದ ದನಿ ಬಂತು: "ಹೋಗಕ್ಕಾ. ನಿನ್ನೊಬ್ಳನ್ನೇ ನಂಬಿದ್ದೆ."

ಆ ಕದ ತೆರೆಸಲು ನನ್ನ ಕೈಯಲ್ಲಾಗುವುದಿಲ್ಲ. ತಪ್ಪು ನಮ್ಮದು, ಆ ನರ್ಸಮ್ಮನದಲ್ಲ ಎಂದು ಖೋಟ್ಲಾಕ್ಕೆ ಒಂದು ಸಾಲು ಬರೆದು ಸಹಿ ಹಾಕಿ. ನಿಮ್ಮ ಬ್ರೌಸರನ್ನು ಯಾವಾಗಲಾದರೂ ರಿಪೇರಿ ಮಾಡಿಕೊಳ್ಳಿ; ಆ ಹುಡುಗಿಯ ಒಡಲು ಅಲ್ಲಿಯವರೆಗೆ ಕಾಯುವುದಿಲ್ಲ.

ಇಂತಿ,
ನಿಮ್ಮಂಥವರಿಂದಲೂ ಉತ್ತರ ಬಂದೀತೆಂದು ಕಾಯುವ ದಡ್ಡ,
ಗೊಯಿತ್ಸೆಮಾಂಗಳ ಗಂಡ ಮೊಖೋಸಿ, ಪಲಾಪೈ