ಮೇ ಏಳರ ಜ್ವರ

೭ ಮೇ, ಬೆಳಿಗ್ಗೆ

ಮಗನಿಗೆ ಇನ್ನೂ ಜ್ವರ. ನೂರಾ ಎರಡು. ಹಣೆಯ ಮೇಲಿನ ಒದ್ದೆ ಬಟ್ಟೆ ಕಾಲು ಗಂಟೆಗೇ ಒಣಗುತ್ತದೆ. ಲಿಫ್ಟ್ ಮೆಕ್ಯಾನಿಕ್ಕು — ಜಗತ್ತನ್ನೆಲ್ಲ ಹತ್ತಿಸಿ ಇಳಿಸುವವನು, ತಾನು ಮಂಚದಿಂದ ಇಳಿಯಲಾರ. ಸೊಸೆಗೆ ರಜೆ ಸಿಗಲಿಲ್ಲ. ಅದೇ ಕಂಪನಿಯ ಆಫೀಸಿನಲ್ಲಿ ರಿಪೋರ್ಟ್ ಮಾಡುತ್ತಾಳೆ. ಹೊಸ ಸಾಫ್ಟ್‌ವೇರು ಬಂದಿದೆಯಂತೆ, ಕಲಿಯಬೇಕಂತೆ. ಹೋದಳು. ನಾನಿದ್ದೇನಲ್ಲ. ಹಳೇ ಗಡಿಯಾರ, ಕೀಲಿ ಕೊಡದಿದ್ದರೂ ಓಡುತ್ತದೆ.

೫ ಜುಲೈ

ಮಗ ಅಂಗಿಗೆಲ್ಲ ಗ್ರೀಸ್ ಮೆತ್ತಿಕೊಂಡು ಬಂದ. ನಿನ್ನೆ ತಾನೇ ಒಗೆದದ್ದು. ಕಣ್ಣಿನ ಡಾಕ್ಟರರ ಕಟ್ಟಡದ ಲಿಫ್ಟಿಗೆ ಹೋಗಿದ್ದನಂತೆ.

"ತಿಂಗಳಿಗೊಂದ್ಸಲ ನೋಡ್ಲೇಬೇಕಮ್ಮಾ. ರೂಲ್ಸು."

"ಲಿಫ್ಟಿಗೆ ರೂಲ್ಸು. ನನ್ನ ಬೆನ್ನು ನೋಡೋಕೆ?"

ನಕ್ಕ. ಗ್ರೀಸ್ ಹೋಗಲಿಲ್ಲ. ಸೋಪು ಮುಗಿಯಿತು.

೨೦ ಜುಲೈ

ಕಣ್ಣಿನ ಡಾಕ್ಟರರ ಕಟ್ಟಡದ ಲಿಫ್ಟ್ ಬಿತ್ತು. ಮೂರನೇ ಮಹಡಿಯಿಂದ, ಉಕ್ಕಿನ ಹಗ್ಗ ತುಂಡಾಗಿ. ಒಳಗೆ ಅಲ್ಲಿನ ವಾಚ್‌ಮನ್ ಒಬ್ಬನೇ. ಸೊಂಟ ಮುರಿದಿದೆ, ಜೀವಕ್ಕೆ ಭಯವಿಲ್ಲವಂತೆ.

ಮಗ ಊಟಕ್ಕೆ ಕೂತ. ಎದ್ದ. ಮತ್ತೆ ಕೂತ.

೨೨ ಜುಲೈ

ವಿಚಾರಣೆ ಮುಗಿಯುವವರೆಗೂ ಕೆಲಸಕ್ಕೆ ಬರಬೇಡ ಅಂದಿದ್ದಾರೆ. ಆ ಲಿಫ್ಟನ್ನು ಕೊನೆಗೆ ನೋಡಿದ್ದು ಮೇ ತಿಂಗಳಲ್ಲಿ ಅಂತ ರಿಪೋರ್ಟಿನಲ್ಲಿ ಇದೆಯಂತೆ. ಆಮೇಲೆ ಏನೂ ಇಲ್ಲ.

"ನೀನು ಹೋಗಿದ್ದೆಯಲ್ಲೋ?"

"ಹೋಗಿದ್ದೆ ಅನ್ಸುತ್ತೆ... ಮೂವತ್ತು ಲಿಫ್ಟಮ್ಮಾ. ಒಳಗೆ ಇಳಿದ್ರೆ ಎಲ್ಲಾ ಒಂದೇ ಥರ. ರಿಪೋರ್ಟಲ್ಲೇ ಇಲ್ಲ ಅಂದ್ಮೇಲೆ ಇಲ್ಲ."

"ನಿನ್ನ ಹೆತ್ತಿದ್ದು ನಾನೋ, ರಿಪೋರ್ಟೋ?"

ಸೊಸೆ ಬೇಳೆ ಆರಿಸುತ್ತಿದ್ದಳು. ಕಲ್ಲು ಇರಲಿಲ್ಲ, ಆದರೂ ಆರಿಸುತ್ತಿದ್ದಳು.

೨೬ ಜುಲೈ, ಸಂಜೆ

ಮಗ ಮಾತ್ರೆ ತಗೊಂಡು ಮಲಗಿದ್ದ. ಸೊಸೆ ಲ್ಯಾಪ್‌ಟಾಪ್ ಮುಂದೆ. ಸುಮ್ಮನೆ ಕೇಳಿದೆ — ಮೇ ಅಂದರೆ ಮೇ ಎಷ್ಟು?

"ಏಳು."

ಏಳಕ್ಕೆ ಅವನು ಮಂಚದ ಮೇಲಿದ್ದ. ಬಟ್ಟೆ ಹಿಂಡಿ ಹಾಕಿದವಳು ನಾನು. ಈ ಪುಸ್ತಕ ತಂದು ಅವಳ ಮುಂದೆ ಇಟ್ಟೆ. ಮೇ ಪುಟ. ಜುಲೈ ಪುಟ. "ಹೋಗದ ದಿನ ಹೋಗಿದ್ದಾನೆ ಅನ್ನತ್ತೆ, ಹೋದ ದಿನ ಹೋಗಿಲ್ಲ ಅನ್ನತ್ತೆ. ಏನಮ್ಮಾ ನಿನ್ನ ಸಾಫ್ಟ್‌ವೇರು, ಕುಡಿದಿದೆಯಾ?"

ಅವಳು ಎರಡೂ ಪುಟ ನೋಡಿದಳು. ಮುಖ ಸುಣ್ಣ.

ಆಮೇಲೆ ಹೇಳಿದಳು. ಒಂದೊಂದೇ. ಮಗ ಫೋನಿನಲ್ಲಿ 05/07 ಅಂತ ಒತ್ತಿದ್ದಾನೆ. ಐದನೇ ತಾರೀಖು, ಏಳನೇ ತಿಂಗಳು. ನಮ್ಮ ಲೆಕ್ಕ. ಹೊಸ ಸಾಫ್ಟ್‌ವೇರಿಗೆ ಯಾವ ದೇಶದ ತಾರೀಖು ಅಂತ ಹೇಳಿಕೊಡಬೇಕಂತೆ. ಇವಳು ಹೇಳಲಿಲ್ಲ. ಅದು ತಿಂಗಳನ್ನು ಮೊದಲು ಓದುವ ದೇಶದ್ದು. ಐದನೇ ತಿಂಗಳು, ಏಳನೇ ತಾರೀಖು ಅಂತ ಓದಿಕೊಂಡಿತು.

"ಜೂನ್‌ದು ಎಲ್ಲಿ ಹೋಯ್ತು?"

"ಹದಿನಾಲ್ಕಕ್ಕೆ ಹೋಗಿದ್ರು. ಹದಿನಾಲ್ಕನೇ ತಿಂಗಳು ಅಂತ ಇಲ್ವಲ್ಲ ಅತ್ತೆ. ಎರರ್ ಬಂತು."

"ಬಂದಿದ್ದನ್ನ ಏನು ಮಾಡಿದೆ?"

"ನೂರಾರು ಸಾಲು ಹಾಗೇ ಬಂದಿತ್ತು. ಮೀಟಿಂಗಿಗೆ ಹತ್ತು ನಿಮಿಷ. ಎರರ್ ಸಾಲು ತೆಗೆಯೋಕೆ ಒಂದು ಬಟನ್ ಇದೆ. ಒತ್ತಿದೆ. ರಿಪೋರ್ಟ್ ಚೆನ್ನಾಗಿ ಕಾಣ್ತು."

"ಕಸದ ಜೊತೆ ಗಂಡನ್ನೂ ಗುಡಿಸಿ ಹಾಕಿದೆ ಅನ್ನು."

ಅಳಲಿಲ್ಲ. ಅತ್ತಿದ್ದರೆ ಬೈಯುತ್ತಿದ್ದೆ. "ಎರಡು ದಿನ ಕೊಡಿ ಅತ್ತೆ. ನಾನೇ ಹೇಳ್ತೀನಿ. ಹೇಳಿದ್ರೆ ನನ್ನ ಕೆಲಸ ಹೋಗತ್ತೆ. ಅವರದ್ದೂ ಇಲ್ಲ ಈಗ."

ಕೊಟ್ಟೆ.

ಊರಿನ ಶಾಲೆಯಲ್ಲಿ ನಾನು ಕಲಿತದ್ದು ನಾಲ್ಕು ಕ್ಲಾಸು. ಬೆತ್ತದ ಮೇಷ್ಟ್ರು ಕೈ ಕೆಂಪಾಗಿಸಿ ಕಲಿಸಿದ್ದು ಒಂದೇ. ಅಂಕಿಗೆ ಮುಖ ಇಲ್ಲ, ತಿಂಗಳನ್ನು ಅಕ್ಷರದಲ್ಲಿ ಬರಿ.

೨೮ ಜುಲೈ

ಎರಡು ದಿನ ಆಯಿತು. ಅವಳು ಹೇಳಲಿಲ್ಲ. ನಾನು ಕೇಳಲಿಲ್ಲ.

೨ ಆಗಸ್ಟ್

ಮಗ ಆಸ್ಪತ್ರೆಗೆ ಹೋಗಿ ಬಂದ. ವಾಚ್‌ಮನ್‌ನ ಕೈ ಹಿಡಿದು ತಪ್ಪಾಯಿತು ಅಂದನಂತೆ, ಎರಡು ತಿಂಗಳು ನಾನು ಬರಲೇ ಇಲ್ಲ ಅಂದನಂತೆ.

"ಅವನೇನಂದ?"

"ಬಂದಿದ್ಯಲ್ಲಣ್ಣಾ, ಟಾರ್ಚ್ ನಾನೇ ಹಿಡಿದಿದ್ದೆ ಅಂದ. ಪಾಪ, ನೋವಿನ ಇಂಜೆಕ್ಷನ್ನು. ಮಂಪರಲ್ಲಿ ಏನೇನೋ ಅಂತಾನೆ."

ಸೊಸೆ ಸೌಟು ಹಿಡಿದು ನಿಂತಿದ್ದಳು. ನಾನು ಅವಳನ್ನು ನೋಡಿದೆ. ಅವಳು ಸೌಟನ್ನು ನೋಡಿದಳು. ಹೇಳಿಬಿಡಬಹುದಿತ್ತು. ನನ್ನ ನಾಲಿಗೆ ಕತ್ತರಿ ಅನ್ನುತ್ತಾರೆ ನೆಂಟರೆಲ್ಲ. ಒಂದು ದಾರವೂ ತುಂಡಾಗಲಿಲ್ಲ.

ಮೂವರೂ ಉಂಡೆವು. ಉಪ್ಪು ಹಾಕಿರಲಿಲ್ಲ. ಯಾರೂ ಕೇಳಲಿಲ್ಲ.

೧೦ ಆಗಸ್ಟ್

ನಾಳೆ ವಿಚಾರಣೆ. ಮಗ ಕಾಗದ ಬರೆದಿದ್ದಾನೆ. ಓದಿ ನೋಡು ಅಂದ. ಕೆಲಸದಲ್ಲಿ ಅಲಕ್ಷ್ಯ ಮಾಡಿದ್ದೇನೆ, ಒಪ್ಪಿಕೊಳ್ಳುತ್ತೇನೆ — ಕೊನೆಗೆ ಸಹಿ. ಮೇಲೆ ತಾರೀಖು, 11/08.

"ತಿಂಗಳನ್ನ ಅಕ್ಷರದಲ್ಲಿ ಬರಿ" ಅಂದೆ. ಅಷ್ಟೇ ಬಾಯಿಗೆ ಬಂತು. ಹೆತ್ತ ತಾಯಿ!

ಅವನು ಹೊಡೆದು ಹಾಕಿ ಆಗಸ್ಟ್ ಅಂತ ಬರೆದ. ಬಾಗಿಲ ಹತ್ತಿರ ಸೊಸೆ ನಿಂತಿದ್ದಳು. ಕೇಳಿಸಿಕೊಂಡಳು.

೧೧ ಆಗಸ್ಟ್, ಬೆಳಿಗ್ಗೆ ೭

ಸೊಸೆ ಬಂದು "ಅತ್ತೆ, ಪುಸ್ತಕ ಕೊಡಿ" ಅಂದಳು. ಕೊಟ್ಟೆ. ಮೇ ಏಳು, ಜುಲೈ ಐದು — ಎರಡು ಪುಟ ಫೋನಿನಲ್ಲಿ ಫೋಟೋ ಹಿಡಿದಳು. ಮೂಲ ಫೈಲು ಆಫೀಸಿನಲ್ಲಿ ಹಾಗೇ ಇದೆಯಂತೆ, ಎಲ್ಲರ ಮುಂದೆ ತೆಗೆದು ತೋರಿಸುತ್ತಾಳಂತೆ.

"ಮುಂದಿನ ಪುಟ ತಿರುಗಿಸಬೇಡ" ಅಂದೆ.

"ಗೊತ್ತು."

ಮಗ ಇಸ್ತ್ರಿ ಅಂಗಿ ಹಾಕಿಕೊಂಡ. ಗ್ರೀಸಿನ ಕಲೆ ಇನ್ನೂ ಇದೆ, ತೋಳಿನ ಹತ್ತಿರ.

೧೧ ಆಗಸ್ಟ್, ಸಂಜೆ ೬

ಇಬ್ಬರೂ ಬಂದರು. ಒಬ್ಬರ ಹಿಂದೆ ಒಬ್ಬರು. ನಡುವೆ ಹತ್ತು ಮೆಟ್ಟಿಲ ದೂರ.

ಮಗನ ಮೇಲೆ ತಪ್ಪಿಲ್ಲ. ಸೋಮವಾರದಿಂದ ಬಾ ಅಂದಿದ್ದಾರೆ. ಹಗ್ಗ ಸರಬರಾಜು ಮಾಡಿದವರನ್ನು ವಿಚಾರಿಸುತ್ತಾರಂತೆ. ಸೊಸೆಗೆ ನಾಳೆಯಿಂದ ಬರಬೇಡ ಅಂದಿದ್ದಾರೆ.

ಮಗ ಚಪ್ಪಲಿ ಬಿಡಲಿಲ್ಲ. ಕಾಗದ ಇನ್ನೂ ಜೇಬಿನಲ್ಲೇ ಇತ್ತು. ಅಡುಗೆಮನೆ ಬಾಗಿಲಿಗೆ ಬಂದು ನಿಂತ.

"ಯಾವತ್ತಿಂದ ಗೊತ್ತಿತ್ತು?"

ಸೊಸೆ ತೊಳೆದ ಲೋಟವನ್ನೇ ತೊಳೆಯುತ್ತಿದ್ದಳು.

"ಆಸ್ಪತ್ರೆಗೆ ಹೋಗಿದ್ನಲ್ಲ. ಅದಕ್ಕೆ ಮುಂಚೆನಾ, ಆಮೇಲಾ?"

ನೀರು ಬಿಟ್ಟೇ ಇತ್ತು. ನಾನು ನಲ್ಲಿ ನಿಲ್ಲಿಸಿದೆ. ಆಗ ನನ್ನ ಕಡೆ ತಿರುಗಿದ. "ಅಮ್ಮಾ, ನೀನು ಎಲ್ಲಾ ಬರೆದಿಡ್ತೀಯಲ್ಲ. ನೀನು ಹೇಳು ತಾರೀಖು."

"ನೋಡಿ ಹೇಳ್ತೀನಿ" ಅಂದೆ. ಒಳಗೆ ಬಂದು ಕೂತೆ.

ನೋಡುವುದೇನಿದೆ. ದಿನ ಮೊದಲು, ತಿಂಗಳು ಅಕ್ಷರದಲ್ಲಿ. ಯಾವ ದೇಶದವರು ಓದಿದರೂ ಒಂದೇ. ಮುಚ್ಚಿಟ್ಟದ್ದು ಸೊಸೆಯ ಹೆಸರಿಗೆ ಎಷ್ಟು ದಿನವೋ, ನನ್ನ ಹೆಸರಿಗೂ ಅಷ್ಟೇ ದಿನ. ಹದಿನಾರು.

ಒಂದು ಹಾಳೆ. ಹಿಡಿದು ಎಳೆದರೆ ಬರುತ್ತದೆ, ಹೊಲಿಗೆ ಸಡಿಲವಾಗಿದೆ. ತೆಗೆದರೆ ಪುಸ್ತಕ ಚೆನ್ನಾಗಿ ಕಾಣುತ್ತದೆ.

ಚಪ್ಪಲಿ ಸಪ್ಪಳ. ಇಲ್ಲಿಗೇ ಬರುತ್ತಿದ್ದಾನೆ. "ಸಿಕ್ತಾ ಅಮ್ಮಾ?" ಅಂತಾನೆ.

ಸಿಕ್ಕಿದೆ ಕಣೋ. ಜುಲೈ ಇಪ್ಪತ್ತಾರು.