ನಮ್ಮವರ ಕಾರು

ಬೋಲಿಂಗ್‌ಬ್ರೂಕ್, ಇಲಿನಾಯ್
17 ಜೂನ್ 2004, ಗುರುವಾರ

ಚಿ. ಮಂಜರಿಗೆ,

ಅಮ್ಮನ ಆಶೀರ್ವಾದ. ನಾವೆಲ್ಲ ಇಲ್ಲಿ ಕ್ಷೇಮ ಅಂತ ಶುರು ಮಾಡೋದು ರೂಢಿ, ಆದರೆ ಈ ಸಲ ಮುಖ್ಯವಾದ್ದನ್ನ ಮೊದಲು ಹೇಳಿಬಿಡ್ತೀನಿ. ನೀನು ವಿಯೆನ್ನಾಕ್ಕೆ ಹೋಗಬೇಡ. ಇಪ್ಪತ್ತೆಂಟಕ್ಕೆ ಅಲ್ಲಿನ ಹಾಸ್ಟೆಲ್ ಸೇರ್ತೀನಿ ಅಂತ ಬರೆದಿದ್ದೆಯಲ್ಲ, ಆ ಹಾಸ್ಟೆಲ್ ಬಾಗಿಲಲ್ಲಿ ನಿಮ್ಮಪ್ಪನ ದೊಡ್ಡಪ್ಪನ ಮಗ ಮನೋಹರ್ ನಿಂತಿರ್ತಾನೆ. ನೀನು ಅವನನ್ನ ನೋಡಿಲ್ಲ. ಬೊಕ್ಕತಲೆ, ಬಾಯ್ತುಂಬ ನಗು. ಪುಟ್ಟಿ, ನಾನು ನಿನ್ನ ಚಿಕ್ಕಪ್ಪ ಕಣಮ್ಮ ಅಂತ ಕನ್ನಡದಲ್ಲೇ ಮಾತಾಡಿಸ್ತಾನೆ. ಅಪ್ಪ ಬೆಂಗಳೂರಿಗೆ ಹೋಗಿದ್ದಾಗ ಹಾರ್ಟ್ ಅಟ್ಯಾಕ್ ಆಯ್ತು, ಆಸ್ಪತ್ರೆಲಿದಾರೆ, ಟಿಕೆಟ್ ತೊಗೊಂಡಿದೀನಿ, ಕಾರು ಹತ್ತು ಅಂತಾನೆ. ನಂಬಬೇಡ. ನಿಮ್ಮಪ್ಪ ಎಲ್ಲೂ ಹೋಗಿಲ್ಲ, ಇಲ್ಲೇ ಗುಂಡುಕಲ್ಲಿನ ಹಾಗಿದಾರೆ. ಮೊನ್ನೆ ಡೆಟ್ರಾಯ್ಟಿನವರು ಬಾಸ್ಕೆಟ್‌ಬಾಲ್ ಗೆದ್ದಾಗ ಸೋಫಾ ಮೇಲೆ ಎದ್ದು ನಿಂತು ಕೂಗಿದರು, ನಿನ್ನೆ ರಾತ್ರಿ ನಾಲ್ಕು ಚಪಾತಿ ತಿಂದು ಇನ್ನೊಂದು ಹಾಕು ಅಂದರು.

ಬೆಂಗಳೂರಲ್ಲಿ ನಿನ್ನ ಸೋದರತ್ತೆ ಒಬ್ಬ ಹುಡುಗನನ್ನ ನೋಡಿಟ್ಟಿದಾರೆ. ಆಷಾಢ, ಅದರ ಹಿಂದೆಯೇ ಅಧಿಕ ಮಾಸ, ಎರಡು ತಿಂಗಳು ಮದುವೆ ಮುಹೂರ್ತ ಇಲ್ಲ. ಅಲ್ಲೀವರೆಗೂ ನಿನ್ನ ಪಾಸ್‌ಪೋರ್ಟ್ ಅತ್ತೆ ಬೀರುವಲ್ಲಿರುತ್ತೆ, ಬೀರು ಕೀ ಅವರ ಸೊಂಟದಲ್ಲಿರುತ್ತೆ. ಇದೆಲ್ಲ ನಿಮ್ಮಪ್ಪ ಫೋನಲ್ಲಿ ಮಾತಾಡಿದ್ದನ್ನ ನಾನು ಅಡುಗೆಮನೇಲಿ ನಿಂತು ಕಿವಿಯಾರೆ ಕೇಳಿದೀನಿ. ಕಾಲೇಜಿನವರ ಜೊತೆ ಟೂರ್ ಹೋಗಿದಾಳೆ ಅಂತ ನಾವಿಬ್ಬರೂ ಕಟ್ಟಿದ ಕಥೆ ಮುಗೀತು. ನೀನು ಒಬ್ಬಳೇ ರಸ್ತೆ ಬದಿ ನಿಂತು ಕಂಡಕಂಡವರ ಕಾರು ಹತ್ಕೊಂಡು ಫ್ರಾನ್ಸ್, ಜರ್ಮನಿ ಅಲೀತಿದೀಯ ಅಂತ ನಿಮ್ಮಪ್ಪಂಗೆ ಗೊತ್ತಾಗಿದೆ.

ಇಮೇಲ್ ಮಾಡೋ ಹಾಗಿಲ್ಲ, ಆ ಅಕೌಂಟ್ ತೆಗೆದುಕೊಟ್ಟವರೇ ಅವರು. ಭಾನುವಾರ ನೀನು ಫೋನ್ ಮಾಡಿದರೆ ಸ್ಪೀಕರ್ ಹಾಕ್ಕೊಂಡು ಪಕ್ಕದಲ್ಲೇ ಕೂತಿರ್ತಾರೆ. ಅದಕ್ಕೇ ನೀನು ಕಾಗದ ತೊಗೊಳ್ಳೋ ಮ್ಯೂನಿಕ್ ಪೋಸ್ಟಾಫೀಸಿಗೆ ಎಕ್ಸ್‌ಪ್ರೆಸ್‌ನಲ್ಲಿ ಕಳಿಸ್ತಿದೀನಿ. ಇಪ್ಪತ್ತನಾಲ್ಕರವರೆಗೂ ಅಲ್ಲಿರ್ತೀನಿ ಅಂದಿದ್ದೆ. ದೇವರೇ, ಅಷ್ಟರೊಳಗೆ ಸಿಗಲಿ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಅಂತ ತಿಳ್ಕೋಬೇಡ. ಕೆಂಡದಂಥ ಸಿಟ್ಟಿದೆ. ನಮ್ಮ ಕಡೆ ಹೆಬ್ಬೆಟ್ಟು ಅಂದರೆ ಸಹಿ ಹಾಕೋಕೆ ಬರದವರು. ನೀನು ನೋಡಿದರೆ ಇಪ್ಪತ್ತೊಂದು ವರ್ಷದ ಹುಡುಗಿ, ಇಷ್ಟೆಲ್ಲ ಓದಿ ಬರೆದು ಕಡೆಗೆ ಹೈವೇಲಿ ಹೆಬ್ಬೆಟ್ಟು ತೋರಿಸ್ಕೊಂಡು ನಿಂತೆ. ಚೀಸ್ ಮಾರೋ ವ್ಯಾನಿನಲ್ಲಿ ಬಂದೆ, ಪಾದ್ರಿ ಕಾರಲ್ಲಿ ಬಂದೆ, ತುರ್ಕಿ ಲಾರಿಯವನು ತನ್ನ ಹೆಣ್ಣುಮಕ್ಕಳ ಫೋಟೋ ತೋರಿಸಿ ರೊಟ್ಟಿ ಕೊಟ್ಟ ಅಂತೆಲ್ಲ ಬರೀತೀಯ. ಲಿಯೋನ್ ಹತ್ತಿರ ಒಬ್ಬ ತೊಡೆ ಮೇಲೆ ಕೈ ಹಾಕಿದ, ಸಿಗ್ನಲ್‌ನಲ್ಲಿ ಬಾಗಿಲು ತೆಗೆದು ಹಾರಿಬಿಟ್ಟೆ, ಬ್ಯಾಗ್ ಹೋಯ್ತು, ಮೊಣಕೈ ತರಚಿತು ಅಂತಾನೂ ಬರೆದೆ. ಅದನ್ನ ಚೀಸ್ ವ್ಯಾನಿನಷ್ಟೇ ಸಲೀಸಾಗಿ ಬರೆದಿದೀಯಲ್ಲೇ! ಎರಡು ದಿನ ಅದನ್ನೇ ತೆಗೆದು ತೆಗೆದು ಓದಿದೆ.

ಹಾಗಿದ್ದೂ ಮನೋಹರ್ ಕಾರು ಹತ್ತಬೇಡ ಅಂತ ಯಾಕೆ ಬರೀತಿದೀನಿ ಅಂದರೆ, ನವ್ಯಶ್ರೀ ವಿಷಯ ನಿನಗೆ ಹೇಳಬೇಕು.

ನಿನಗೆ ನೆನಪಿರುತ್ತೆ. ಹಳೇ ಅಪಾರ್ಟ್‌ಮೆಂಟಲ್ಲಿ ಎದುರು ಬ್ಲಾಕಿನ ಮೂರನೇ ಮಹಡಿ. ನಿನಗೆ ಮ್ಯಾಥ್ಸ್ ಹೇಳಿಕೊಡ್ತಿದ್ದಳು, ತುಮಕೂರಿನ ಹುಡುಗಿ, ಇಪ್ಪತ್ತಾರು ವರ್ಷ. ತೊಂಬತ್ತೊಂಬತ್ತರ ಜನವರೀಲಿ ಹೊರಗಿನ ಮೆಟ್ಟಿಲ ಮೇಲೆ ಐಸ್‌ನಲ್ಲಿ ಜಾರಿ ಬಿದ್ದು ಹೋಗಿಬಿಟ್ಟಳು ಅಂತ ನಿನಗೆ ಹೇಳಿದ್ವಿ. ಎಲ್ಲರಿಗೂ ಹಾಗೇ ಹೇಳಿದ್ವಿ.

ಅವಳ ಗಂಡ ಸುದೀಪ್ ಹೊರಗೆ ಬೆಣ್ಣೆ. ಎಲ್ಲರನ್ನೂ ಆಂಟಿ, ಅಂಕಲ್ ಅಂತ ಕರೆದು ಪಾತ್ರೆ ತೊಳೆಯೋಕೂ ಬರೋನು. ಮನೆ ಬಾಗಿಲು ಹಾಕಿದ ಮೇಲೆ ಹೊಡೀತಿದ್ದ. ಅವಳ ಪಾಸ್‌ಪೋರ್ಟ್ ಅವನ ಆಫೀಸ್ ಡ್ರಾಯರಲ್ಲಿರೋದು. ಲೈಸೆನ್ಸ್ ಇಲ್ಲ, ಕೆಲಸ ಮಾಡೋ ಹಾಗಿಲ್ಲ, ಯಾರಿಗೆ ಫೋನ್ ಮಾಡಿದಳು ಅಂತ ಬಿಲ್ ಹಿಡಿದು ಕೇಳೋನು. ಒಂದು ದಿನ ಲಾಂಡ್ರಿ ರೂಮಲ್ಲಿ ತೋಳು ಮೇಲೆತ್ತಿ ನನಗೆ ತೋರಿಸಿದಳು. ಇಸ್ತ್ರಿ ಪೆಟ್ಟಿಗೆಯ ತುದಿ ಹಾಗೇ ಅಚ್ಚೊತ್ತಿತ್ತು. ನಾನು ಬರ್ನಾಲ್ ಹಚ್ಚಿ, ಸ್ವಲ್ಪ ಸಹಿಸ್ಕೋಮ್ಮ, ಒಂದು ಮಗು ಆದರೆ ಸರಿಹೋಗ್ತಾನೆ ಅಂದೆ. ಹೌದು, ಹಾಗೇ ಅಂದೆ.

ಡೆಟ್ರಾಯ್ಟ್ ಪಕ್ಕದ ಡಿಯರ್‌ಬಾರ್ನಲ್ಲಿ ಅವಳ ಕಾಲೇಜು ಗೆಳತಿ ಉಮ್ಮೆ ಕುಲ್ಸುಮ್ ಇದ್ದಳು. ಇಬ್ಬರೂ ತುಮಕೂರಲ್ಲಿ ಒಂದೇ ಬೆಂಚು. ಕುಲ್ಸುಮ್‌ಗೆ ಆಗ ಎಂಟು ತಿಂಗಳು, ಬಂದು ಕರ್ಕೊಂಡು ಹೋಗೋ ಸ್ಥಿತಿ ಅಲ್ಲ. ಹೇಗಾದರೂ ಇಲ್ಲಿಗೆ ಬಂದುಬಿಡು, ಮುಂದಿಂದು ನಾನು ನೋಡ್ಕೋತೀನಿ ಅಂತ ಹೇಳಿದ್ದಳು. ತೊಂಬತ್ತೆಂಟರ ನವೆಂಬರ್, ಒಂದು ಬುಧವಾರ ಮಧ್ಯಾಹ್ನ, ಸುದೀಪ್ ಆಫೀಸಿಗೆ ಹೋದ ಮೇಲೆ ನವ್ಯ ಒಂದು ಕೈಚೀಲ ಹಿಡ್ಕೊಂಡು ನಮ್ಮ ಬಾಗಿಲಿಗೆ ಬಂದಳು. ಆಂಟಿ, ಡೆಟ್ರಾಯ್ಟಿಗೆ ಬಿಡ್ತೀರಾ ಅಂದಳು. ನನಗೆ ಲೈಸೆನ್ಸ್ ಬಂದು ಎರಡು ತಿಂಗಳು. ಹೈವೇ ಹತ್ತೋದಿರಲಿ, ಎಡಕ್ಕೆ ತಿರುಗೋಕೇ ಹೆದರ್ತಿದ್ದೆ. ಡೌನ್‌ಟೌನ್ ಬಸ್ ಸ್ಟ್ಯಾಂಡಿಗೂ ನನಗೆ ದಾರಿ ಗೊತ್ತಿರಲಿಲ್ಲ. ಹಾಗಾದರೆ ಹೈವೇ ಎಕ್ಸಿಟ್ ಹತ್ತಿರ ಇರೋ ಗ್ಯಾಸ್ ಸ್ಟೇಷನ್ನಿಗಾದರೂ ಬಿಡಿ, ಯಾರನ್ನಾದರೂ ಡ್ರಾಪ್ ಕೇಳ್ತೀನಿ ಅಂದಳು. ನಿನ್ನ ಹಾಗೇ ಹಟ. ಕರ್ಕೊಂಡು ಹೋದೆ.

ಅಲ್ಲಿ ಒಂದು ದೊಡ್ಡ ಟ್ರಕ್ ನಿಂತಿತ್ತು. ಓಡಿಸ್ತಿದ್ದದ್ದು ಕಪ್ಪು ಹೆಂಗಸು, ಅರವತ್ತರ ಹತ್ತಿರ, ಕುತ್ತಿಗೇಲಿ ಕನ್ನಡಕ ನೇತಾಡ್ತಿತ್ತು. ನವ್ಯ ಹೋಗಿ ಕೇಳಿದಳು. ಅವಳು ನವ್ಯನ ಮುಖ ನೋಡಿದಳು, ಚೀಲ ನೋಡಿದಳು, ಒಂದು ಪ್ರಶ್ನೆ ಕೇಳಲಿಲ್ಲ. ಟೊಲೀಡೊಗೆ ಹೋಗ್ತಿದೀನಿ, ಅಲ್ಲಿಂದ ಡೆಟ್ರಾಯ್ಟ್ ಒಂದು ಗಂಟೆ, ಬಸ್ಸು ಹತ್ತಿಸಿ ಹೋಗ್ತೀನಿ, ಬಾ ಅಂದಳು. ನವ್ಯ ಮೆಟ್ಟಿಲ ಮೇಲೆ ಕಾಲಿಟ್ಟಳು. ನಾನು ಓಡಿಹೋಗಿ ಅವಳ ಜಾಕೆಟ್ ಹಿಡಿದು ಎಳೆದೆ. ಗುರುತಿಲ್ಲ ಪರಿಚಯ ಇಲ್ಲ, ಎಂಥ ಜನಾನೋ ಏನೋ, ಬೇಡಮ್ಮ ಅಂತ ಕನ್ನಡದಲ್ಲಿ ಕೂಗಾಡಿದೆ. ಆ ಹೆಂಗಸಿಗೆ ಭಾಷೆ ಅರ್ಥ ಆಗದಿದ್ದರೂ ನನ್ನ ಮುಖ ಅರ್ಥ ಆಗಿರಬೇಕು. ಬಾಗಿಲು ಎಳ್ಕೊಂಡು ಹೊರಟುಹೋದಳು.

ನನ್ನ ಕೂಗಾಟ ಕೇಳಿ, ಪಕ್ಕದಲ್ಲಿ ಕಾರಿಗೆ ಪೆಟ್ರೋಲ್ ಹಾಕ್ಕೊಳ್ತಿದ್ದ ಒಬ್ಬರು ತಿರುಗಿ, ಕನ್ನಡದವರಾ, ಯಾವೂರಮ್ಮ ಅಂತ ಕೇಳಿದರು. ಮಂಜು, ಈ ದೇಶಕ್ಕೆ ಬಂದು ಎರಡು ವರ್ಷ ಆಗಿತ್ತು, ರಸ್ತೇಲಿ ಒಬ್ಬರೂ ನನ್ನನ್ನ ಹಾಗೆ ಕೇಳಿರಲಿಲ್ಲ. ಮೈಸೂರು ಅಂದೆ. ಅವರು ರಮೇಶ ಅಂತ, ಹಾಸನದ ಕಡೆಯವರು, ಟ್ರಾಯ್‌ನಲ್ಲಿ ಕೆಲಸ, ಡೆಟ್ರಾಯ್ಟಿಗೇ ವಾಪಸ್ ಹೋಗ್ತಿದ್ದರು. ಕಾರಿನ ಮುಂದೆ ಪುಟ್ಟ ಗಣೇಶ, ಹಿಂದಿನ ಸೀಟಲ್ಲಿ ಮಕ್ಕಳ ಸ್ವೆಟರು. ದೇವರೇ ಕಳಿಸಿದ ಅಂದ್ಕೊಂಡೆ. ನವ್ಯಂಗೆ ಅಷ್ಟು ಮನಸ್ಸಿರಲಿಲ್ಲ. ಹತ್ತು ಹತ್ತು, ನಮ್ಮವರು ಅಂತ ನಾನೇ ದಬ್ಬಿ ಕೂರಿಸಿದೆ. ಬಾಗಿಲೂ ನಾನೇ ಹಾಕಿದೆ.

ಅವಳು ಸೀಟ್ ಬೆಲ್ಟ್ ಹಾಕ್ಕೊಳ್ಳೋ ಹೊತ್ತಿಗೆ ರಮೇಶ ನನ್ನನ್ನ ಒಂದು ಪಕ್ಕಕ್ಕೆ ಕರೆದರು. ಗಂಡ ಏನ್ಮಾಡ್ತಾನೆ, ಜಗಳ ಎಷ್ಟು ದಿನದಿಂದ ಅಂತ ವಿಚಾರಿಸಿದರು. ಗಂಡನ ಆಫೀಸ್ ನಂಬರ್ ಕೊಟ್ಟಿರಿ ತಾಯಿ, ಹಾಗೇ ಇರಲಿ ಅಂದರು. ನಾನು ಕೊಟ್ಟೆ, ನಮ್ಮ ಮನೇದೂ ಕೊಟ್ಟೆ. ಅವರು ಯಾಕೆ ಕೇಳ್ತಿದಾರೆ ಅಂತ ನನಗೆ ಗೊತ್ತಾಗಲಿಲ್ಲ ಅಂತ ಐದು ವರ್ಷ ನನಗೆ ನಾನೇ ಹೇಳ್ಕೊಂಡು ಬಂದಿದೀನಿ. ಸುಳ್ಳು. ಗೊತ್ತಿತ್ತು. ದೊಡ್ಡವರೊಬ್ಬರು ಮಧ್ಯೆ ಕೂತು ಬುದ್ಧಿ ಹೇಳಿದರೆ ಎಲ್ಲ ಸರಿಹೋಗುತ್ತೆ, ನಾಳೆ ಯಾರೂ ಶಾರದಮ್ಮ ಸಂಸಾರ ಒಡೆದಳು ಅನ್ನಲ್ಲ ಅಂತ ಅನ್ನಿಸ್ತು.

ಮಿಷಿಗನ್ ಶುರುವಾಗೋ ಕಡೆ ಒಂದು ರೆಸ್ಟ್ ಏರಿಯಾದಲ್ಲಿ ಕಾರು ನಿಲ್ಲಿಸಿ ಸುದೀಪ್‌ಗೆ ಫೋನ್ ಮಾಡಿದರಂತೆ. ಅವನು ಬರೋವರೆಗೂ ಅವಳಿಗೆ ಕಾಫಿ ಕೊಡಿಸಿ, ತಾಳಿ ಕಟ್ಟಿಸ್ಕೊಂಡ ಮೇಲೆ ತಾಳ್ಮೆ ಬೇಕು ಅಂತೆಲ್ಲ ಹೇಳಿದರಂತೆ. ಸಂಜೆ ನನಗೇ ಫೋನ್ ಬಂತು, ನಿಮ್ಮ ಪುಣ್ಯ ತಾಯಿ, ಒಂದು ಸಂಸಾರ ಉಳೀತು ಅಂತ. ಆ ಮನುಷ್ಯ ಕೆಟ್ಟವನಲ್ಲ ಕಣೇ. ಒಳ್ಳೇದು ಮಾಡಿದೆ ಅಂತಾನೇ ಮಲಗಿರ್ತಾನೆ. ಆಮೇಲೆ ಕುಲ್ಸುಮ್ ಫೋನ್ ಮಾಡಿ, ಶಾರದಕ್ಕ, ಅವಳು ಹೊರಟಳಾ, ಅನ್ನ ಮಾಡಿಟ್ಟು ಕಾಯ್ತಿದೀನಿ ಅಂದಳು. ಮನಸ್ಸು ಬದಲಾಯಿಸಿ ವಾಪಸ್ ಬಂದಳು ಅಂದೆ.

ಅದಾದ ಮೇಲೆ ನವ್ಯನ್ನ ಒಂದೇ ಸಲ ನೋಡಿದ್ದು, ಲಾಂಡ್ರಿ ರೂಮಲ್ಲಿ. ಬೈತಾಳೆ ಅಂದ್ಕೊಂಡೆ. ಕನ್ನಡ ಕೂಟದ ಡೈರೆಕ್ಟರಿಲಿ ಸುದೀಪ್ ನಂಬರ್ ಹುಡುಕಿರಬೇಕು ಆ ಅಂಕಲ್ ಅಂದಳು. ಇರಬಹುದಮ್ಮ ಅಂದೆ. ಬಟ್ಟೆ ಮಡಿಸ್ತಾ, ಆಂಟಿ, ಆ ಟ್ರಕ್ಕಿನವಳು ಹೆಸರೇನಾದರೂ ಹೇಳಿದಳಾ ಅಂತ ಕೇಳಿದಳು.

ಜನವರೀಲಿ ಅವಳು ಸತ್ತಾಗ ಸೀರೆ ಉಡಿಸೋಕೆ ಹೆಂಗಸರು ಬೇಕು ಅಂತ ಫ್ಯೂನರಲ್ ಹೋಮಿಗೆ ನನ್ನನ್ನ ಕರೆಸಿದರು. ಮೆಟ್ಟಿಲಿಂದ ಬಿದ್ದವರಿಗೆ ಎರಡೂ ಮಣಿಕಟ್ಟಲ್ಲಿ ಬೆರಳು ಒತ್ತಿದ ಗುರುತು ಇರಲ್ಲ. ಉದ್ದ ತೋಳಿನ ರವಿಕೆ ಹುಡುಕಿ ಹಾಕಿದೆ. ಪೊಲೀಸಿನವಳು ಬಂದು ಅವಳು ಯಾವತ್ತಾದರೂ ಗಂಡನಿಗೆ ಹೆದರಿದ್ದಳಾ ಅಂತ ಕೇಳಿದಳು. ಹಿಂದಿನ ದಿನವೇ ನಿಮ್ಮಪ್ಪ, ನಮ್ಮ ಗ್ರೀನ್ ಕಾರ್ಡ್ ಅಪ್ಲೈ ಮಾಡಿದೀವಿ, ಕೋರ್ಟು ಕಚೇರಿ ಅಂತ ಸಿಕ್ಕಿಹಾಕ್ಕೋಬೇಡ ಅಂದಿದ್ದರು. ನೋ ಅಂದೆ. ಸುದೀಪ್ ಈಗ ಇಲ್ಲೇ ಹತ್ತಿರ ಸ್ಕೋಕಿಯಲ್ಲಿದಾನೆ, ಎರಡನೇ ಮದುವೆ ಆಗಿದೆ. ಹೋದ ಯುಗಾದಿಗೆ ಕೂಟದಲ್ಲಿ ತಟ್ಟೆ ಹಿಡ್ಕೊಂಡು ನನ್ನ ಮುಂದೆ ನಿಂತ. ಹೋಳಿಗೆ ಬಡಿಸಿದೆ. ಆ ಹುಡುಗಿ ಪಕ್ಕದಲ್ಲಿ ತಲೆ ತಗ್ಗಿಸ್ಕೊಂಡು ನಿಂತಿದ್ದಳು.

ನಿನ್ನ ದಾರಿ ಸರಿ ಅಂತ ಹೇಳೋಕೆ ಇದನ್ನೆಲ್ಲ ಬರೆದಿಲ್ಲ. ಲಿಯೋನಿನವನಂಥವರು ಇನ್ನೂ ಸಿಗ್ತಾರೆ. ಆದರೆ ಅವನ ಕಾರಿಂದ ನೀನು ಹಾರಿದೆ, ಯಾಕಂದರೆ ಅವನು ಯಾರೋ. ಮನೋಹರ್ ಪಕ್ಕ ಕೂತರೆ ನೀನು ಹಾರಲ್ಲ. ಚಿಕ್ಕಪ್ಪ ಅಂತ ಕಾಲು ಮುಟ್ಟಿ ನಮಸ್ಕಾರ ಮಾಡ್ತೀಯ, ಪಾಸ್‌ಪೋರ್ಟ್ ಕೇಳಿದರೆ ತೆಗೆದುಕೊಡ್ತೀಯ. ನಾನು ನಿನ್ನನ್ನ ಹಾಗೇ ಬೆಳೆಸಿದೀನಿ. ಅದಕ್ಕೇ ಹೆದರಿಕೆ.

ಮ್ಯೂನಿಕ್‌ನಿಂದ ನೇರ ವಿಮಾನ ಹತ್ತಿ ಡೆಟ್ರಾಯ್ಟಿಗೆ ಬಾ. ಷಿಕಾಗೊ ಬೇಡ. ನಿನ್ನೆ ಕುಲ್ಸುಮ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ, ನಂಬರ್ ಕೊಟ್ಟದ್ದೂ ಹೇಳಿದೆ. ಫೋನ್ ಇಟ್ಟುಬಿಟ್ಟಳು. ಅರ್ಧ ಗಂಟೆ ಆದ ಮೇಲೆ ಅವಳೇ ಮಾಡಿ, ಹುಡುಗೀನ ನನ್ನ ಹತ್ರ ಕಳಿಸಿ, ನೀವು ಮಾತ್ರ ಬರಬೇಡಿ ಅಂದಳು. ಸರಿ ಅಂದೆ. ಅವಳ ನಂಬರ್ ಲಕೋಟೆ ಒಳಗೆ ಬೇರೆ ಚೀಟೀಲಿ ಬರೆದಿಟ್ಟಿದೀನಿ. ನೀನು ಅಲ್ಲಿ ತಲುಪಿದ್ದು ನನಗೆ ಗೊತ್ತಾಗದಿದ್ದರೂ ಪರವಾಗಿಲ್ಲ. ನನಗೂ ಹೇಳಬೇಡ ಅಂತಾನೇ ಹೇಳ್ತೀನಿ.

ಹೊಟ್ಟೆ ತುಂಬ ಊಟ ಮಾಡು. ಮೊಣಕೈಗೆ ಔಷಧಿ ಹಚ್ಚು.

ನಿನ್ನನ್ನ ಹೆತ್ತವಳು,
ಶಾರದ

ತಾ.ಕ.: ವಿಯೆನ್ನಾ ಹಾಸ್ಟೆಲ್ ವಿಳಾಸ ನಿಮ್ಮಪ್ಪಂಗೆ ಹೇಗೆ ಸಿಕ್ತು ಅಂತ ನೀನು ಕೇಳೇ ಕೇಳ್ತೀಯ. ಲಿಯೋನಿನ ಕಾಗದ ಬಂದು ಮೂರನೇ ದಿನ, ಅವರು ಆಫೀಸಿಂದ ಬಂದು ಶೂ ಬಿಚ್ಚುತ್ತಿದ್ದರು. ನಿನ್ನ ಸುದ್ದಿ ಕೂಡ ಎತ್ತಿರಲಿಲ್ಲ. ರಮೇಶ ಆದರೂ ನನ್ನನ್ನ ಕೇಳಿದ್ದರು. ಈ ಸಲ ಯಾರೂ ಕೇಳಲಿಲ್ಲ, ನಾನೇ ಹೋಗಿ ಹೇಳಿದೆ.